ಬೆಂಗಾವಲಿನ ಹಡಗುಗಳು
(ಸಚಿನ್‌ನಲ್ಲಿ ಸೇರಿದ್ದ ಸೂರತ್ ಸುತ್ತಮುತ್ತಲಿನ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹೊರನಾಡ ಸಂಘಗಳ ವೇದಿಕೆಯಲ್ಲಿ ವಚನ ಸಾಹಿತ್ಯ, ಏಕೀಕರಣ, ಗಡಿ ಮತ್ತು ನದಿನೀರಿನ ಸಮಸ್ಯೆಗಳು ಮತ್ತೆ ಮತ್ತೆ ಚರ್ಚೆಗೆ ಬರುವುದು ಸಹಜವೂ ಹೌದು, ಅಗತ್ಯವೂ ಹೌದು. ಇಂದು ನಾನು ಆ ಜಾಡನ್ನು ಬಿಟ್ಟು ಸಮುದ್ರದ ಕಡೆಗೆ ತಮ್ಮ ಗಮನವನ್ನು ಸೆಳೆಯಲು ಬಯಸುತ್ತೇನೆ. ಸಚಿನ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೈಗಾರಿಕಾ ವಸಾಹತು, ಬಟ್ಟೆಯ ಗಿರಣಿಗಳು, ಬಣ್ಣ ಹಾಕುವ ಕಾರ್ಖಾನೆಗಳು, ವಜ್ರ ಕೊರೆಯುವ ಘಟಕಗಳು. ಡುಮಸ್ ಕಡಲತೀರ ಇಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿದೆ. ತಾಪಿಯ ಆಚೆ ಹಜೀರಾದಲ್ಲಿ ತೈಲ ಮತ್ತು ಅನಿಲದ ಹಡಗುಗಳು ಬಂದು ನಿಲ್ಲುತ್ತವೆ. ಈ ಗಿರಣಿಗಳು ನಡೆಯುವುದಕ್ಕೆ ಬೇಕಾದ ಇಂಧನದ ದೊಡ್ಡ ಪಾಲು ಆ ನೀರಿನ ಮೇಲೆಯೇ ಬರುತ್ತದೆ ಎಂಬುದು ನಮಗೆ ದಿನನಿತ್ಯ ನೆನಪಾಗುವ ಸಂಗತಿಯಲ್ಲ. ಅದು ನೆನಪಾಗುವುದು ಬರುವುದು ನಿಂತಾಗ ಮಾತ್ರ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ನಿಂತುಹೋಗುವ ಅಪಾಯ ನಿಜವಾಗಿಯೂ ಒದಗಿತ್ತು. ಆಗ ಅದನ್ನು ನಿಲ್ಲದಂತೆ ನೋಡಿಕೊಂಡವರು ಯಾರು, ಅವರನ್ನು ಕಾಯ್ದವರು ಯಾರು, ಯುದ್ಧ ಮುಗಿದ ಮೇಲೆ ಅವರನ್ನು ಲೆಕ್ಕಕ್ಕೆ ಹಿಡಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಈ ಸಂಜೆ ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಸ್ಥಳಮಹಾತ್ಮೆ. 'ಬೆಂಗಾವಲು' ಎಂಬುದು ನಮ್ಮ ಭಾಷೆಯ ಸೊಗಸಾದ ಪದ. ಬೆನ್ನಿಗೆ ನಿಂತು ಕಾಯುವುದು ಎಂದು ಅದರ ಅರ್ಥ. ವ್ಯಾಪಾರಿ ಹಡಗುಗಳ ಬೆನ್ನಿಗೆ ಯುದ್ಧನೌಕೆಗಳನ್ನು ಕಳುಹಿಸುವ ಕ್ರಮಕ್ಕೆ ಸೂರತ್ತಿನ ಬಂದರು ಬಹಳ ಹಳೆಯ ನೆಲೆ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಂದ ಮೋಖಾ, ಜಿದ್ದಾಗಳಿಗೆ ಹೋಗುವ ಹಜ್ ಯಾತ್ರೆಯ ಹಾಗೂ ವ್ಯಾಪಾರದ ಹಡಗುಗಳನ್ನು ಕಾಯುವ ಹೊಣೆಯನ್ನು ಮೊಗಲರು ಜಂಜೀರಾದ ಸಿದ್ದಿಗಳಿಗೆ ವಹಿಸಿದ್ದರು. ಆಫ್ರಿಕಾ ಮೂಲದ ಆ ನೌಕಾನಾಯಕರಿಗೆ ಸೂರತ್ತಿನ ಆದಾಯದಿಂದ ವರ್ಷಾಶನ ಸಲ್ಲುತ್ತಿತ್ತು. 1695ರಲ್ಲಿ ಹೆನ್ರಿ ಎವರಿ ಎಂಬ ಇಂಗ್ಲಿಷ್ ಕಡಲ್ಗಳ್ಳ ಮೋಖಾದಿಂದ ಮರಳುತ್ತಿದ್ದ ಔರಂಗಜೇಬನ 'ಗಂಜ್-ಎ-ಸವಾಯಿ' ಹಡಗನ್ನು ದೋಚಿದನು. ಬಾದಶಹನು ಸುಮ್ಮನಿರಲಿಲ್ಲ. ಇಂಗ್ಲಿಷ್, ಡಚ್ ಮತ್ತು ಫ್ರೆಂಚ್ ಕಂಪನಿಗಳು ತಮ್ಮ ಯುದ್ಧನೌಕೆಗಳನ್ನು ಯಾತ್ರಿಕರ ಹಡಗುಗಳ ಬೆಂಗಾವಲಿಗೆ ಕೊಡಲೇಬೇಕೆಂದು ಪಟ್ಟುಹಿಡಿದನು, ಅವು ಒಪ್ಪಿಕೊಳ್ಳಬೇಕಾಯಿತು. ಆ ಜಂಜೀರಾ ಮನೆತನದ ಒಂದು ಕವಲಿಗೆ 1791ರಲ್ಲಿ ಪೇಶ್ವೆಯೊಡನೆ ಆದ ಒಪ್ಪಂದದ ಫಲವಾಗಿ ಸೂರತ್ತಿನ ಬಳಿಯ ಹಳ್ಳಿಗಳು ದೊರೆತು ಹುಟ್ಟಿದ್ದೇ ಸಚಿನ್ ಸಂಸ್ಥಾನ. ನಾವು ಕುಳಿತಿರುವ ಈ ಊರು ಒಂದು ಕಾಲಕ್ಕೆ ಹಡಗುಗಳ ಕಾವಲುಗಾರರ ವಂಶಸ್ಥರ ರಾಜಧಾನಿಯಾಗಿತ್ತು. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಆಡುತ್ತಾ ಬದುಕುವ ಸಿದ್ದಿಗಳೂ ಆಫ್ರಿಕಾ ಮೂಲದವರೇ. ಒಂದೇ ಹೆಸರಿನ ಎರಡು ಜನಸಮೂಹಗಳಲ್ಲಿ ಒಂದಕ್ಕೆ ಸಿಂಹಾಸನವೂ ಇನ್ನೊಂದಕ್ಕೆ ಕಾಡಿನ ಕೂಲಿಯೂ ಒದಗಿದ್ದು ಸಮುದ್ರದ ಇತಿಹಾಸದ ಒಂದು ವಿಚಿತ್ರ.

ಇನ್ನು ಮಹಾಯುದ್ಧದ ಕಾಲಕ್ಕೆ ಬರೋಣ. ಆಗಿನ ಭಾರತದಲ್ಲಿ ಅಸ್ಸಾಮಿನ ದಿಗ್ಬೋಯಿ ಮತ್ತು ಪಂಜಾಬಿನ ಅಟಕ್ ಪ್ರದೇಶಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥ ತೈಲ ಇರಲಿಲ್ಲ. ಮುಂಬಯಿಯ ಶುದ್ಧೀಕರಣ ಘಟಕಗಳು ಬಂದದ್ದು 1950ರ ದಶಕದಲ್ಲಿ. ಬರ್ಮಾದ ತೈಲವೇ ದೊಡ್ಡ ಆಸರೆಯಾಗಿತ್ತು. 1942ರ ಮೊದಲ ತಿಂಗಳುಗಳಲ್ಲಿ ಜಪಾನೀಯರು ಮುನ್ನುಗ್ಗಿದಾಗ ಹಿಂದೆಗೆಯುತ್ತಿದ್ದ ಬ್ರಿಟಿಷರೇ ಸಿರಿಯಂ ಶುದ್ಧೀಕರಣ ಘಟಕವನ್ನೂ ಯೆನಂಗ್ಯಾಂಗ್ ಬಾವಿಗಳನ್ನೂ ನಾಶಪಡಿಸಿದರು. ಅಂದಿನಿಂದ ಭಾರತದ ಮತ್ತು ಇಡೀ ಹಿಂದೂ ಮಹಾಸಾಗರದ ಸೇನೆಗಳ ಇಂಧನಕ್ಕೆ ಪರ್ಷಿಯಾ ಕೊಲ್ಲಿಯ ಅಬಾದಾನ್ ಒಂದೇ ಮುಖ್ಯ ದಿಕ್ಕಾಯಿತು. ರೈಲು, ಲಾರಿ, ವಿಮಾನ, ಯುದ್ಧನೌಕೆ, ಕೊನೆಗೆ ಮನೆಯ ದೀಪದ ಸೀಮೆಎಣ್ಣೆಯೂ ಟ್ಯಾಂಕರ್ ಎಂದು ಕರೆಯುವ ತೈಲ ಹಡಗಿನ ಹೊಟ್ಟೆಯಲ್ಲಿ ಬರಬೇಕಾಯಿತು.

ಟ್ಯಾಂಕರ್ ಎಂಬುದು ಒಂದು ವಿಲಕ್ಷಣ ವಾಹನ. ಅದರ ಒಡಲು ಅನೇಕ ತೊಟ್ಟಿಗಳಾಗಿ ವಿಭಾಗವಾಗಿರುತ್ತದೆ. ಆದ್ದರಿಂದ ಟಾರ್ಪೆಡೊ ತಗುಲಿದರೂ ಅದು ಬೇಗ ಮುಳುಗದೆ ತೇಲುವುದುಂಟು. ಆದರೆ ತುಂಬಿರುವುದು ಪೆಟ್ರೋಲು ಅಥವಾ ವಿಮಾನದ ಇಂಧನವಾದರೆ ಒಂದೇ ಕಿಡಿಗೆ ಹಡಗಷ್ಟೇ ಅಲ್ಲದೆ ಸುತ್ತಲಿನ ನೀರೂ ಉರಿಯುತ್ತದೆ. ಬೇರೆ ಹಡಗಿನವನಿಗೆ ನೀರಿಗೆ ಹಾರಿ ಬದುಕುವ ಒಂದು ಆಸೆಯಾದರೂ ಇರುತ್ತಿತ್ತು. ಟ್ಯಾಂಕರಿನವನಿಗೆ ಎಷ್ಟೋ ಸಲ ಅದೂ ಇರಲಿಲ್ಲ.

ಇಂಥ ಹಡಗುಗಳನ್ನು ಗುಂಪುಗೂಡಿಸಿ ಯುದ್ಧನೌಕೆಗಳ ಕಾವಲಿನಲ್ಲಿ ಕಳುಹಿಸುವುದೇ ಕಾನ್ವಾಯ್ ಪದ್ಧತಿ. ಅರಬ್ಬೀ ಸಮುದ್ರದಲ್ಲಿ ಮುಂಬಯಿ, ಏಡನ್, ಕೊಲಂಬೊ ಮತ್ತು ಪರ್ಷಿಯಾ ಕೊಲ್ಲಿಗಳ ನಡುವೆ ಇವು ಓಡಾಡುತ್ತಿದ್ದವು. ಹೆಸರಿಡುವ ಕ್ರಮ ಸರಳ: ಮುಂಬಯಿಯಿಂದ ಏಡನ್‌ಗೆ ಹೋದರೆ 'ಬಿ.ಎ.', ಪರ್ಷಿಯಾ ಕೊಲ್ಲಿಯಿಂದ ಏಡನ್‌ಗೆ 'ಪಿ.ಎ.', ಕೊಲ್ಲಿಯಿಂದ ಮುಂಬಯಿಗೆ 'ಪಿ.ಬಿ.', ಅದರ ಮುಂದೊಂದು ಕ್ರಮಸಂಖ್ಯೆ. ಹಡಗುಗಳು ಸಾಲುಸಾಲಾಗಿ ನಿಲ್ಲುತ್ತಿದ್ದವು. ಪ್ರತಿಯೊಂದಕ್ಕೂ ಸಾಲಿನ ಮತ್ತು ಸ್ಥಾನದ ಸಂಖ್ಯೆ ಇರುತ್ತಿತ್ತು. ಮೂರನೆಯ ಸಾಲಿನ ಎರಡನೆಯ ಹಡಗು ಎಂದರೆ ಮೂವತ್ತೆರಡು. ಬೆಲೆಬಾಳುವ ಟ್ಯಾಂಕರುಗಳನ್ನು ಸಾಮಾನ್ಯವಾಗಿ ಒಳಸಾಲುಗಳಲ್ಲಿ ಇರಿಸುತ್ತಿದ್ದರು. ರಾತ್ರಿ ದೀಪವಿಲ್ಲ, ರೇಡಿಯೋ ಮಾತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ಗುಂಪಿನ ಅತ್ಯಂತ ನಿಧಾನದ ಹಡಗು ಎಷ್ಟು ವೇಗದಲ್ಲಿ ಚಲಿಸಬಲ್ಲದೋ ಅದೇ ಇಡೀ ಗುಂಪಿನ ವೇಗ. ಹಿಂದೆ ಬಿದ್ದವನು ಜಲಾಂತರ್ಗಾಮಿಯ ಬಾಯಿಗೆ ಬಿದ್ದಂತೆಯೇ.

ಈ ಅಪಾಯ ನಮ್ಮ ಬಾಗಿಲಿಗೇ ಬಂದಿತ್ತು. 1943ರ ಅಕ್ಟೋಬರ್ 2ರಂದು ಜರ್ಮನಿಯ ಯು-168 ಜಲಾಂತರ್ಗಾಮಿಯು ಮುಂಬಯಿಯ ಪಶ್ಚಿಮಕ್ಕೆ 'ಹೈಚಿಂಗ್' ಎಂಬ ಹಡಗನ್ನು ಮುಳುಗಿಸಿತು. ನೀರಿನ ಮೇಲೆ ಬಂದು ಬಡ ಹಾಯಿಹಡಗುಗಳನ್ನೂ ಫಿರಂಗಿಯಿಂದ ಹೊಡೆಯಿತು. ಕಾರವಾರದ ಪಕ್ಕದ ಮಾರ್ಮಗೋವಾದಲ್ಲಿ ಆಶ್ರಯ ಪಡೆದಿದ್ದ 'ಎಹ್ರೆನ್‌ಫೆಲ್ಸ್' ಮೊದಲಾದ ಶತ್ರುಹಡಗುಗಳ ಮೇಲೆ 1943ರ ಮಾರ್ಚ್‌ನಲ್ಲಿ ಕಲ್ಕತ್ತೆಯಿಂದ ಬಂದ ಗುಪ್ತದಳವೊಂದು ಎರಗಿತು. ಆ ಹಡಗುಗಳು ಬೆಂಕಿಗೆ, ನೀರಿಗೆ ಆಹುತಿಯಾದವು. ನಮ್ಮ ಕರಾವಳಿ ಯುದ್ಧದಿಂದ ದೂರವಿತ್ತೆಂಬ ಭಾವನೆ ಅಷ್ಟೇನೂ ಸರಿಯಲ್ಲ.

ಈ ತೈಲವನ್ನು ಸಾಗಿಸಿದವರಲ್ಲಿ ಒಂದು ಚಿಕ್ಕ ದೇಶದ ಪಾತ್ರ ಆಶ್ಚರ್ಯಕರವಾದುದು. ನಾರ್ವೆಯ ಜನಸಂಖ್ಯೆ ಆಗ ಮೂವತ್ತು ಲಕ್ಷ. ಆದರೆ ಅದರ ವ್ಯಾಪಾರಿ ನೌಕಾಪಡೆ ಜಗತ್ತಿನಲ್ಲಿ ನಾಲ್ಕನೆಯದು. ಪ್ರಪಂಚದ ಟ್ಯಾಂಕರುಗಳಲ್ಲಿ ಸುಮಾರು ಐದನೆಯ ಒಂದು ಪಾಲು ಆ ದೇಶದ ಒಡೆತನದಲ್ಲಿತ್ತು. 1940ರ ಏಪ್ರಿಲ್ 9ರಂದು ಜರ್ಮನಿ ನಾರ್ವೆಯನ್ನು ಆಕ್ರಮಿಸಿತು. ನಾರ್ವೆಯ ಹಡಗುಗಳೆಲ್ಲ ತಾಯ್ನಾಡಿಗೆ ಅಥವಾ ತಟಸ್ಥ ಬಂದರುಗಳಿಗೆ ಹೋಗಬೇಕೆಂಬ ಆಜ್ಞೆ ಬಾನುಲಿಯಲ್ಲಿ ಬಿತ್ತರವಾಯಿತು. ಹೊರಸಮುದ್ರದಲ್ಲಿದ್ದ ಕಪ್ತಾನರು ಅದಕ್ಕೆ ಕಿವಿಗೊಡಲಿಲ್ಲ. ದೇಶ ಕಳೆದುಕೊಂಡ ಸಾವಿರಕ್ಕೂ ಹೆಚ್ಚು ಹಡಗುಗಳನ್ನು ಅವರ ಸರ್ಕಾರ 'ನಾರ್ಟ್ರಾಶಿಪ್' ಎಂಬ ಒಂದೇ ಸಂಸ್ಥೆಯ ಅಡಿಯಲ್ಲಿ ತಂದು ಮಿತ್ರರಾಷ್ಟ್ರಗಳ ಸೇವೆಗೆ ಒಪ್ಪಿಸಿತು. ಮನೆಗೆ ಕಾಗದ ಬರೆಯಲೂ ಆಗದ ಆ ನಾವಿಕರು ಐದು ವರ್ಷ ಪರರ ನೀರಿನಲ್ಲಿ ತೈಲ ಹೊತ್ತರು. ಹೊರನಾಡಿನಲ್ಲಿ ಬದುಕುವವರಿಗೆ ಅವರ ಮನಃಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವಾದರೋ ಹಬ್ಬಕ್ಕೆ ಊರಿಗೆ ಹೋಗಿ ಬರುತ್ತೇವೆ. ಅವರಿಗೆ ಊರೇ ಮುಚ್ಚಿಹೋಗಿತ್ತು.

ನಮ್ಮ ಸಮುದ್ರಗಳಲ್ಲಿ ಅವರು ತೆತ್ತ ಬೆಲೆಯ ಕೆಲವು ನಿದರ್ಶನಗಳನ್ನು ಮಾತ್ರ ಹೇಳುತ್ತೇನೆ. ಬೆಂಗಾವಲಿಲ್ಲದೆ ಒಂಟಿಯಾಗಿ ಸಾಗುತ್ತಿದ್ದ 'ಸ್ಟೋರ್‌ಸ್ಟಾಡ್' ಟ್ಯಾಂಕರನ್ನು 1940ರ ಅಕ್ಟೋಬರ್ 7ರಂದು ಜರ್ಮನಿಯ 'ಪಿಂಗ್ವಿನ್' ಸೆರೆಹಿಡಿದು, ಅದನ್ನೇ ಆಸ್ಟ್ರೇಲಿಯದ ತೀರದಲ್ಲಿ ಸಿಡಿಗುಂಡು ಹರಡುವ ಹಡಗಾಗಿ ಬಳಸಿತು. ಮರುತಿಂಗಳು ಬಂಗಾಳ ಕೊಲ್ಲಿಯಲ್ಲಿ ವ್ಯಾಪಾರಿ ಹಡಗಿನ ವೇಷ ತೊಟ್ಟ 'ಅಟ್ಲಾಂಟಿಸ್' ಎಂಬ ಜರ್ಮನ್ ಯುದ್ಧಹಡಗು 'ಟೆಡ್ಡಿ' ಮತ್ತು 'ಓಲೆ ಯಾಕೊಬ್' ಎಂಬ ಎರಡು ನಾರ್ವೇಜಿಯನ್ ಟ್ಯಾಂಕರುಗಳನ್ನು ಬೆನ್ನುಬೆನ್ನಿಗೇ ಹಿಡಿಯಿತು. ಎರಡನೆಯದರಲ್ಲಿ ಇದ್ದುದು ವಿಮಾನದ ಇಂಧನ. ಅದಾದ ಮರುದಿನ, ನವೆಂಬರ್ 11ರಂದು, ಅದೇ ಅಟ್ಲಾಂಟಿಸ್ 'ಆಟೋಮೆಡಾನ್' ಎಂಬ ಬ್ರಿಟಿಷ್ ಹಡಗಿನಿಂದ ಸಿಂಗಾಪುರದ ರಕ್ಷಣೆಯ ದೌರ್ಬಲ್ಯವನ್ನು ಬಯಲುಮಾಡುವ ರಹಸ್ಯಪತ್ರಗಳನ್ನು ವಶಪಡಿಸಿಕೊಂಡಿತು. ಆ ಪತ್ರಗಳು ಜಪಾನಿಗೆ ತಲುಪಿದ್ದು ಸೆರೆಸಿಕ್ಕ ಓಲೆ ಯಾಕೊಬ್‌ನ ಮೂಲಕವೇ. 1944ರ ಫೆಬ್ರವರಿಯಲ್ಲಿ ಪಿ.ಎ. 69 ಎಂಬ ಗುಂಪಿನಲ್ಲಿ ಸಾಗುತ್ತಿದ್ದ 'ಎರ್ಲಿಂಗ್ ಬ್ರೋವಿಗ್' ಟ್ಯಾಂಕರಿಗೆ ಏಡನ್ ಕೊಲ್ಲಿಯಲ್ಲಿ ಯು-188ರ ಟಾರ್ಪೆಡೊ ಬಡಿಯಿತು. ಬೆಂಗಾವಲು ಇದ್ದರೂ ಅಪಾಯ ತಪ್ಪುತ್ತಿರಲಿಲ್ಲ. ಇಲ್ಲದಿದ್ದರೆ ಅದು ಬಹುಪಾಲು ಖಚಿತವಾಗುತ್ತಿತ್ತು.

ಬೆಂಗಾವಲು ಎಂದರೆ ಏನೆಂಬುದನ್ನು ತೋರಿಸಿಕೊಟ್ಟ ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರಲ್ಲಿ ಕಾವಲು ನಿಂತದ್ದು ಭಾರತೀಯ ನೌಕೆ. ರಾಯಲ್ ಇಂಡಿಯನ್ ನೇವಿಯ 'ಬೆಂಗಾಲ್' ಸಿಡ್ನಿಯಲ್ಲಿ ಕಟ್ಟಿ 1942ರಲ್ಲಿ ಸೇವೆಗೆ ಸೇರಿದ ಪುಟ್ಟ ನೌಕೆ. ತೂಕ ಸುಮಾರು 650 ಟನ್. ಅದಕ್ಕೆ ಕೊಡಬೇಕಾಗಿದ್ದ ನಾಲ್ಕು ಅಂಗುಲದ ಫಿರಂಗಿ ಕೊರತೆಯ ದೆಸೆಯಿಂದ ಸಿಗದೆ, ಮೂರು ಅಂಗುಲದ ಒಂದನ್ನು ಕೂಡಿಸಿದ್ದರು. ನವೆಂಬರ್ 5ರಂದು ಅದು 'ಒಂಡಿನಾ' ಎಂಬ ಡಚ್ ಟ್ಯಾಂಕರಿನೊಡನೆ ಆಸ್ಟ್ರೇಲಿಯದ ಫ್ರೀಮಾಂಟಲ್‌ನಿಂದ ಡಿಯಾಗೊ ಗಾರ್ಸಿಯಾದತ್ತ ಹೊರಟಿತು. ಡಚ್ಚರ ದೇಶವೂ ನಾರ್ವೆಯಂತೆಯೇ ಆಗ ಜರ್ಮನಿಯ ಕೈಯಲ್ಲಿತ್ತು.

ನವೆಂಬರ್ 11ರಂದು ಕೋಕೋಸ್ ದ್ವೀಪಗಳ ನೈರುತ್ಯದಲ್ಲಿ ಎರಡು ಹಡಗುಗಳು ಎದುರಾದವು. ಅವು 'ಹೊಕೊಕು ಮಾರು' ಮತ್ತು 'ಐಕೊಕು ಮಾರು' ಎಂಬ ಜಪಾನೀ ದಾಳಿಹಡಗುಗಳು. ತಲಾ ಹತ್ತು ಸಾವಿರ ಟನ್ನಿಗೂ ಮೀರಿದ ಗಾತ್ರ, ಹಲವು 140 ಮಿಲಿಮೀಟರ್ ಫಿರಂಗಿಗಳು, ಟಾರ್ಪೆಡೊಗಳು. ಬೆಂಗಾಲ್‌ನ ನಾಯಕ ಲೆಫ್ಟಿನೆಂಟ್ ಕಮಾಂಡರ್ ವಿಲ್ಸನ್ ತಪ್ಪಿಸಿಕೊಳ್ಳುವಂತೆ ಟ್ಯಾಂಕರಿಗೆ ಸಂಕೇತ ಕೊಟ್ಟು, ತನ್ನ ನೌಕೆಯನ್ನು ನೇರವಾಗಿ ಶತ್ರುವಿನ ಕಡೆಗೆ ತಿರುಗಿಸಿದರು. ಗಾತ್ರದಲ್ಲಿ ತನಗಿಂತ ಹದಿನೈದು ಪಟ್ಟು ದೊಡ್ಡದಾದ ಹಡಗಿನ ಮೇಲೆ ಏರಿಹೋಗುವುದು ಯುದ್ಧತಂತ್ರದ ಪುಸ್ತಕದಲ್ಲಿ ಸಿಗುವ ಉಪಾಯವಲ್ಲ. ಟ್ಯಾಂಕರಿಗೆ ನಾಲ್ಕು ಗಳಿಗೆ ಹೆಚ್ಚು ದೊರೆಯಲಿ ಎಂಬುದಷ್ಟೇ ಉದ್ದೇಶ.

ಆದರೆ ಒಂಡಿನಾ ಓಡಿಹೋಗಲಿಲ್ಲ. ಅದರ ಕಪ್ತಾನ ವಿಲೆಮ್ ಹಾರ್ಸ್ಮನ್ ತನ್ನ ಒಂದೇ ಫಿರಂಗಿಯಿಂದ ಗುಂಡು ಹಾರಿಸಲು ಆಜ್ಞಾಪಿಸಿದರು. ಇದ್ದ ಗುಂಡುಗಳು 32 ಮಾತ್ರ. ಸ್ವಲ್ಪ ಹೊತ್ತಿನಲ್ಲೇ ಹೊಕೊಕು ಮಾರುವಿನ ಹಿಂಭಾಗದಲ್ಲಿ ಬೆಂಕಿ ಎದ್ದು, ಸ್ಫೋಟವಾಗಿ, ಆ ಹಡಗು ಮುಳುಗಿತು. ಉಳಿದ ಒಂದು ಹಡಗು ಬಿಡಲಿಲ್ಲ. ಬೆಂಗಾಲ್ ತನ್ನ ಗುಂಡುಗಳು ಮುಗಿಯುತ್ತ ಬಂದಾಗ ಹೊಗೆಯ ತೆರೆ ಎಬ್ಬಿಸಿ ದೂರ ಸರಿಯಿತು. ಒಂಡಿನಾದ ಗುಂಡುಗಳೂ ಮುಗಿದವು. ಹಡಗನ್ನು ತೊರೆಯಲು ಆಜ್ಞೆಯಿತ್ತ ಹಾರ್ಸ್ಮನ್ ಶತ್ರುವಿನ ಗುಂಡಿನಿಂದ ಮಡಿದರು. ಎರಡು ಟಾರ್ಪೆಡೊಗಳು ಹಡಗಿನ ಪಕ್ಕವನ್ನು ಸೀಳಿದವು. ದೋಣಿಗಳಲ್ಲಿದ್ದವರ ಮೇಲೆ ಗುಂಡಿನ ಮಳೆ ಸುರಿಯಿತು. ಟ್ಯಾಂಕರು ಮುಳುಗುವುದು ನಿಶ್ಚಯವೆಂದು ತಿಳಿದು ಶತ್ರು ಹೊರಟುಹೋದನು.

ಅದು ಮುಳುಗಲಿಲ್ಲ. ಮೊದಲನೆಯ ಅಧಿಕಾರಿಯ ಮುಂದಾಳತ್ವದಲ್ಲಿ ಉಳಿದವರು ಮತ್ತೆ ಹಡಗನ್ನೇರಿ, ಬೆಂಕಿ ಆರಿಸಿ, ವಾಲಿದ ಹಡಗನ್ನು ನೇರಮಾಡಿಕೊಂಡು ಒಂದು ವಾರದಲ್ಲಿ ಫ್ರೀಮಾಂಟಲ್‌ಗೆ ಮರಳಿದರು. ಬೆಂಗಾಲ್ 17ರಂದು ಡಿಯಾಗೊ ಗಾರ್ಸಿಯಾ ತಲುಪಿತು. ಇನ್ನೊಂದು ಹಡಗು ತೀರಿತೆಂದೇ ಎರಡೂ ನಂಬಿದ್ದವು. ಸ್ವಾತಂತ್ರ್ಯಾನಂತರವೂ ಬೆಂಗಾಲ್ ನಮ್ಮ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ 1960ರಲ್ಲಿ ನಿವೃತ್ತವಾಯಿತು. ಶಾಲೆಯ ಪುಸ್ತಕಗಳಲ್ಲಿ ಈ ಕಥೆಗೆ ಒಂದು ಸಾಲಾದರೂ ಇರಬೇಕಾಗಿತ್ತು.

ಇದಾದ ಹನ್ನೆರಡನೆಯ ದಿನ ಇದಕ್ಕೆ ವಿರುದ್ಧವಾದ ಚಿತ್ರವೊಂದು ಅರಬ್ಬೀ ಸಮುದ್ರದಲ್ಲೇ ಕಾಣಿಸಿತು. ಗುಜರಾತಿನಲ್ಲಿ ನೆಲೆಸಿದ ನಾವು ಅದನ್ನು ತಿಳಿದಿರಲೇಬೇಕು. 'ತಿಲವಾ' ಎಂಬುದು ಮುಂಬಯಿಯಿಂದ ಪೂರ್ವ ಮತ್ತು ದಕ್ಷಿಣ ಆಫ್ರಿಕಾಗಳಿಗೆ ಪ್ರಯಾಣಿಕರನ್ನು ಒಯ್ಯುತ್ತಿದ್ದ ಹತ್ತು ಸಾವಿರ ಟನ್ನಿನ ಹಡಗು. 1942ರ ನವೆಂಬರ್ 20ರಂದು ಅದು ಬೆಂಗಾವಲಿಲ್ಲದೆ ಹೊರಟಿತು. ಒಳಗಿದ್ದವರು 958 ಮಂದಿ: 732 ಪ್ರಯಾಣಿಕರು, 222 ಸಿಬ್ಬಂದಿ, ನಾಲ್ವರು ಫಿರಂಗಿಯವರು. ಪ್ರಯಾಣಿಕರಲ್ಲಿ ಬಹಳ ಮಂದಿ ಆಫ್ರಿಕಾದ ಅಂಗಡಿ, ಗೂಡಂಗಡಿಗಳಿಗೆ ಅಥವಾ ಅಲ್ಲಿನ ಸಂಸಾರಗಳಿಗೆ ಮರಳುತ್ತಿದ್ದ ಗುಜರಾತಿಗಳು. 23ರ ನಸುಕಿನಲ್ಲಿ ಜಪಾನಿನ ಐ-29 ಜಲಾಂತರ್ಗಾಮಿಯ ಟಾರ್ಪೆಡೊ ಬಡಿಯಿತು. ಹಡಗು ತೇಲುತ್ತಿರುವುದನ್ನು ಕಂಡು ಕೆಲವರು ದೋಣಿಗಳಿಂದ ಮರಳಿ ಹತ್ತಿದರು. ಆಗ ಎರಡನೆಯದು ಬಡಿಯಿತು. 280 ಮಂದಿ ತೀರಿಕೊಂಡರು. ಬ್ರಿಟಿಷ್ ಯುದ್ಧನೌಕೆ 'ಬರ್ಮಿಂಗ್‌ಹ್ಯಾಂ' ಬಂದು ಉಳಿದವರಲ್ಲಿ ಬಹುತೇಕ ಎಲ್ಲರನ್ನೂ ಎತ್ತಿಕೊಂಡು ಮುಂಬಯಿಗೆ ತಂದಿತು.

ತಿಲವಾದಲ್ಲಿ ದಕ್ಷಿಣ ಆಫ್ರಿಕಾದ ಟಂಕಸಾಲೆಗೆ ಹೊರಟಿದ್ದ ಬೆಳ್ಳಿಯೂ ಇತ್ತು. ಒಟ್ಟು 2,364 ಗಟ್ಟಿಗಳು. 2017ರಲ್ಲಿ ಒಂದು ಕಂಪನಿ ಎರಡೂವರೆ ಕಿಲೋಮೀಟರಿಗೂ ಆಳದ ಸಮುದ್ರತಳದಿಂದ ಆ ಬೆಳ್ಳಿಯನ್ನು ಮೇಲೆತ್ತಿತು. ಅದರ ಹಕ್ಕಿನ ವ್ಯಾಜ್ಯ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2024ರಲ್ಲಿ ಅಲ್ಲಿ ತೀರ್ಮಾನವಾಯಿತು. ಒಂದೊಂದು ಗಟ್ಟಿಗೂ ಲೆಕ್ಕವಿತ್ತು, ದಾಖಲೆಯಿತ್ತು, ವಾದಿಸುವ ವಕೀಲರಿದ್ದರು. ಅಲ್ಲಿ ಮಡಿದವರಿಗಾಗಿ ಮುಂಬಯಿಯಲ್ಲಿ ಸಂಬಂಧಿಕರು ಸೇರಿ ಸ್ಮರಣಸಭೆ ನಡೆಸಿದ್ದು 2022ರಲ್ಲಿ, ಎಂಬತ್ತು ವರ್ಷಗಳ ಬಳಿಕ. ಇದನ್ನು ಯಾರನ್ನೂ ದೂಷಿಸಲು ಹೇಳುತ್ತಿಲ್ಲ. ನಮ್ಮ ಲೆಕ್ಕದ ಪುಸ್ತಕಗಳು ಯಾವುದನ್ನು ಬರೆದಿಡುತ್ತವೆ ಎಂಬುದನ್ನು ಗಮನಿಸಲು ಹೇಳುತ್ತಿದ್ದೇನೆ.

ಕನ್ನಡಿಗರಾದ ನಮಗೂ ಈ ಬೆಂಗಾವಲಿನ ಇತಿಹಾಸದಲ್ಲಿ ಒಂದು ಹೆಸರಿನ ಬಾಂಧವ್ಯವಿದೆ. ಯುದ್ಧಕಾಲದಲ್ಲಿ ಹಿಂದೂ ಮಹಾಸಾಗರದ ಬೆಂಗಾವಲಿಗೆ ಸೇರಿದ ಭಾರತೀಯ ನೌಕೆಗಳಲ್ಲಿ ಒಂದರ ಹೆಸರು 'ಕಾವೇರಿ'. ಅದರ ಸೋದರಿ 'ಗೋದಾವರಿ' 1944ರ ಆಗಸ್ಟ್ 12ರಂದು ಸೀಶೆಲ್ಸ್ ಬಳಿ ಬ್ರಿಟಿಷ್ ನೌಕೆಯೊಂದರ ಜೊತೆಗೂಡಿ ಯು-198ನ್ನು ಮುಳುಗಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ವಿಶಾಖಪಟ್ಟಣದ ಬಳಿ ಜಪಾನಿನ ರೋ-110ನ್ನು ಮುಳುಗಿಸಿದವರಲ್ಲಿ 'ಜಮುನಾ' ಇತ್ತು. ಇನ್ನೂ ಸ್ವಾರಸ್ಯದ ಸಂಗತಿ 'ಮೈಸೂರು' ನೌಕೆಯದು. 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿದ ಐ.ಎನ್.ಎಸ್. ಮೈಸೂರು ಅದಕ್ಕೆ ಮುನ್ನ ಬ್ರಿಟನ್ನಿನ 'ನೈಜೀರಿಯಾ' ಎಂಬ ಕ್ರೂಸರ್ ಆಗಿತ್ತು. 1942ರ ಆಗಸ್ಟ್‌ನಲ್ಲಿ ಮುತ್ತಿಗೆಗೆ ಒಳಗಾದ ಮಾಲ್ಟಾ ದ್ವೀಪಕ್ಕೆ ಹದಿನಾಲ್ಕು ವ್ಯಾಪಾರಿ ಹಡಗುಗಳನ್ನು ಕರೆದೊಯ್ದ ಬೆಂಗಾವಲಿನಲ್ಲಿ ಅದೂ ಇತ್ತು. ಆ ಹದಿನಾಲ್ಕರಲ್ಲಿ 'ಒಹಾಯೊ' ಎಂಬುದೊಂದೇ ಟ್ಯಾಂಕರ್. ಮಾಲ್ಟಾದ ಅಳಿವು ಉಳಿವು ಅದರ ತೈಲದ ಮೇಲಿತ್ತು. ಆಗಸ್ಟ್ 12ರ ಸಂಜೆ ಇಟಲಿಯ 'ಆಕ್ಸಮ್' ಜಲಾಂತರ್ಗಾಮಿ ಒಂದೇ ಬಾರಿಗೆ ಬಿಟ್ಟ ಟಾರ್ಪೆಡೊಗಳು ನೈಜೀರಿಯಾಕ್ಕೂ, 'ಕೈರೋ' ಎಂಬ ನೌಕೆಗೂ, ಒಹಾಯೊಗೂ ತಗುಲಿದವು. ನೈಜೀರಿಯಾದ ಐವತ್ತಕ್ಕೂ ಹೆಚ್ಚು ನಾವಿಕರು ಸತ್ತರು. ಗಾಯಗೊಂಡ ನೌಕೆ ಜಿಬ್ರಾಲ್ಟರ್‌ಗೆ ಮರಳಿತು. ಬೆನ್ನು ಮುರಿದ ಒಹಾಯೊವನ್ನು ಎರಡು ಯುದ್ಧನೌಕೆಗಳ ನಡುವೆ ಕಟ್ಟಿಕೊಂಡು ಆಗಸ್ಟ್ 15ರಂದು ಮಾಲ್ಟಾಕ್ಕೆ ತಂದರು. ಹದಿನಾಲ್ಕರಲ್ಲಿ ತಲುಪಿದ್ದು ಐದು. ಆ ಗಾಯದ ನೌಕೆಯೇ ಮುಂದೆ ನಮ್ಮ ಗಂಡಭೇರುಂಡದ ಲಾಂಛನ ಧರಿಸಿ, 1961ರ ಡಿಸೆಂಬರ್‌ನಲ್ಲಿ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದ ವಿಮೋಚನೆಗೆ ನಿಂತಿತು. ಮೈಸೂರು ಎಂಬ ಹೆಸರನ್ನು ಅಭಿಮಾನದಿಂದ ಉಚ್ಚರಿಸುವ ನಮಗೆ ಈ ಪೂರ್ವಾಶ್ರಮದ ಕಥೆ ತಿಳಿದಿದ್ದರೆ ಒಳ್ಳೆಯದು.

ಈಗ ನನ್ನ ಮೂರನೆಯ ಪ್ರಶ್ನೆ. ಯುದ್ಧ ಮುಗಿದ ಮೇಲೆ ಈ ಜನರನ್ನು ಲೆಕ್ಕಕ್ಕೆ ಹಿಡಿದವರು ಯಾರು?

ನಾರ್ವೆಯ ಸಂಗತಿಯನ್ನೇ ನೋಡೋಣ. ಯುದ್ಧದಲ್ಲಿ ಅವರ ವ್ಯಾಪಾರಿ ನೌಕಾಪಡೆಯ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಬ್ರಿಟಿಷ್ ನಾವಿಕರಿಗಿಂತ ಹೆಚ್ಚಾಗಿದ್ದ ಅವರ ಭತ್ಯೆಯನ್ನು ಬ್ರಿಟನ್ನಿನ ಒತ್ತಾಯದ ಮೇರೆಗೆ ತಗ್ಗಿಸಿ, ವ್ಯತ್ಯಾಸದ ಹಣವನ್ನು ಒಂದು ರಹಸ್ಯ ನಿಧಿಯಲ್ಲಿ ಇರಿಸಲಾಗಿತ್ತು. ಶಾಂತಿ ಬಂದ ಮೇಲೆ ನಾವಿಕರು ಆ ಹಣ ಕೇಳಿದರು. ಸರ್ಕಾರ ಕೊಡಲಿಲ್ಲ. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ 1954ರಲ್ಲಿ ನಾವಿಕರು ಸೋತರು. ನಿದ್ದೆಯಿಲ್ಲದೆ, ಕುಡಿತಕ್ಕೆ ಬಿದ್ದು, ಮಾತು ಕಳೆದುಕೊಂಡು ಎಷ್ಟೋ ಮಂದಿ ನರಳಿದರು. ಕಡೆಗೆ 1972ರಲ್ಲಿ ಅಲ್ಲಿನ ಸಂಸತ್ತು ಯುದ್ಧಕಾಲದಲ್ಲಿ ಹಡಗಿನಲ್ಲಿ ಕಳೆದ ತಿಂಗಳೊಂದಕ್ಕೆ 180 ಕ್ರೋನರ್‌ನಂತೆ ಗೌರವಧನ ಕೊಡಲು ಒಪ್ಪಿತು. 2013ರಲ್ಲಿ ಸರ್ಕಾರ ಬಹಿರಂಗವಾಗಿ ಕ್ಷಮೆ ಕೇಳಿತು. ತಡವಾಯಿತು, ಆದರೆ ಆಯಿತು. ಇಂದು ಆ ದೇಶದಲ್ಲಿ ಪ್ರತಿ ಹಡಗಿನ, ಪ್ರತಿ ನಾವಿಕನ ವಿವರವನ್ನು ಹೆಸರುಹಿಡಿದು ದಾಖಲಿಸುವ ಕಾರ್ಯ ನಡೆದಿದೆ.

ನಮ್ಮ ಕಡೆಗೆ ತಿರುಗಿ ನೋಡೋಣ. ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಆಗ ಹತ್ತಾರು ಸಾವಿರ ಭಾರತೀಯ ಲಷ್ಕರುಗಳು ದುಡಿಯುತ್ತಿದ್ದರು. ಮುಂಬಯಿಯಿಂದ ಹೊರಡುವ ಹಡಗುಗಳ ಮೇಲಟ್ಟದ ಕೆಲಸಕ್ಕೆ ಗುಜರಾತ್ ಮತ್ತು ಕೊಂಕಣ ತೀರದವರು, ಅಡಿಗೆ ಮತ್ತು ಊಟದ ಕೋಣೆಗಳಿಗೆ ಗೋವೆಯವರು, ಬೆಂಕಿಯಂಥ ಯಂತ್ರದ ಕೋಣೆಗೆ ಪಂಜಾಬ್ ಹಾಗೂ ಸರಹದ್ದು ಪ್ರಾಂತ್ಯದವರು. ಕಲ್ಕತ್ತೆಯಿಂದಾದರೆ ಸಿಲ್ಹೆಟ್, ನೊವಾಖಾಲಿ ಮೊದಲಾದ ಕಡೆಯವರು. ಸಾರಂಗನು ಮುಖಂಡ, ತಂಡೇಲನು ಅವನ ಕೈಕೆಳಗಿನವನು. ವಲ್ಸಾಡ್, ದಮಣಗಳ ತೀರದಲ್ಲಿ ಇಂದಿಗೂ ತಂಡೇಲ್ ಎಂಬ ಅಡ್ಡಹೆಸರು ಮನೆಮನೆಗೂ ಇದೆ; ನಮ್ಮ ಕಾರವಾರದ ತೀರದಲ್ಲೂ ತಾಂಡೇಲರಿದ್ದಾರೆ. ಇಲ್ಲಿಯ ಖಾರ್ವಾ, ಅಲ್ಲಿಯ ಖಾರ್ವಿ: ರಾಜ್ಯದ ಗಡಿ ನೆಲದ ಮೇಲಿದೆಯೇ ಹೊರತು ನೀರಿನ ಮೇಲಿಲ್ಲ.

ಅವರ ಸಂಬಳ ಬಿಳಿಯ ನಾವಿಕನ ಸಂಬಳದ ಒಂದು ಸಣ್ಣ ಪಾಲು. 1939ರಲ್ಲಿ ಯುದ್ಧ ಆರಂಭವಾದೊಡನೆ ಬ್ರಿಟನ್ನಿನ ಬಂದರುಗಳಲ್ಲಿಯೂ ಬೇರೆಡೆಗಳಲ್ಲಿಯೂ ಅವರು ಮುಷ್ಕರ ಹೂಡಿದರು. ಅನೇಕರು ಜೈಲಿಗೆ ಹೋದರು. ಆದರೂ ವೇತನದಲ್ಲಿ ಏರಿಕೆ ಪಡೆದರು. ಯುದ್ಧದಲ್ಲಿ ಮಡಿದ ಭಾರತೀಯ ವ್ಯಾಪಾರಿ ನಾವಿಕರ ಸಂಖ್ಯೆ ಆರು ಸಾವಿರಕ್ಕೂ ಮೇಲೆ ಎಂದು ಅಂದಾಜು. ನೀರನ್ನು ಬಿಟ್ಟು ಬೇರೆ ಸಮಾಧಿಯಿಲ್ಲದ ಅವರ ಸ್ಮರಣೆಗೆ ಮುಂಬಯಿ ಮತ್ತು ಚಿತ್ತಗಾಂಗ್‌ಗಳಲ್ಲಿ ಸ್ಮಾರಕಗಳಿವೆ. ಮುಂಬಯಿಗೆ ಹೋದ ನಮ್ಮಲ್ಲಿ ಎಷ್ಟು ಮಂದಿ ಅತ್ತ ಸುಳಿದಿದ್ದೇವೆ? ನಾರ್ವೆಯ ನಾವಿಕನಿಗೆ ಕೇಳಲು ಒಂದು ಸಂಸತ್ತಾದರೂ ಇತ್ತು. ನಮ್ಮ ಲಷ್ಕರನು ಯಾರ ಪರವಾಗಿ ಸತ್ತನೋ ಆ ಸಾಮ್ರಾಜ್ಯ ಹೋಯಿತು. ಸ್ವತಂತ್ರ ದೇಶಕ್ಕೆ ಅವನು ಪರರ ಯುದ್ಧದ ಕೂಲಿಯಾಗಿ ಕಂಡನು. ಎರಡು ದಡಗಳ ನಡುವೆ ಅವನ ಲೆಕ್ಕ ಕಳೆದುಹೋಯಿತು. ಆದರೆ ಅವನು ತಂದ ಎಣ್ಣೆಯಿಂದಲೇ ನಮ್ಮ ಹಿರಿಯರ ಮನೆಗಳಲ್ಲಿ ದೀಪ ಉರಿದಿತ್ತು ಎಂಬ ಮಾತು ಯಾವ ರಾಜಕೀಯದಿಂದಲೂ ಸುಳ್ಳಾಗುವುದಿಲ್ಲ.

ಇದು ಮುಗಿದ ಕಥೆಯೆಂದು ಯಾರಾದರೂ ಭಾವಿಸಿದರೆ, ಇತ್ತೀಚಿನ ಎರಡು ಘಟನೆಗಳನ್ನು ನೆನಪಿಸುತ್ತೇನೆ. 2023ರ ಡಿಸೆಂಬರ್ 11ರಂದು ಕೆಂಪು ಸಮುದ್ರದ ದ್ವಾರದಲ್ಲಿ 'ಸ್ಟ್ರಿಂಡಾ' ಎಂಬ ಟ್ಯಾಂಕರಿಗೆ ಯೆಮೆನಿನ ಹೌತಿಗಳ ಕ್ಷಿಪಣಿ ಬಡಿದು ಬೆಂಕಿ ಎದ್ದಿತು. ಅದು ನಾರ್ವೆಯ ಹಡಗು. ಒಳಗಿದ್ದ 22 ಮಂದಿಯೂ ಭಾರತೀಯರು. ಅದೃಷ್ಟವಶಾತ್ ಯಾರಿಗೂ ಅಪಾಯವಾಗಲಿಲ್ಲ. ಹನ್ನೆರಡು ದಿನಗಳ ನಂತರ, ಡಿಸೆಂಬರ್ 23ರಂದು, ನಮ್ಮ ಗುಜರಾತಿನ ಪೋರಬಂದರಿನಿಂದ ಸುಮಾರು ನಾಲ್ಕು ನೂರು ಕಿಲೋಮೀಟರ್ ದೂರದಲ್ಲಿ 'ಕೆಮ್ ಪ್ಲೂಟೊ' ಎಂಬ ಟ್ಯಾಂಕರಿನ ಮೇಲೆ ಡ್ರೋನ್ ಎರಗಿತು. ಅದು ಸೌದಿ ಅರೇಬಿಯಾದಿಂದ ಕಚ್ಚಾತೈಲ ಹೊತ್ತು ಹೊರಟಿದ್ದುದು ನಮ್ಮ ನವಮಂಗಳೂರು ಬಂದರಿಗೆ! ಇಪ್ಪತ್ತಕ್ಕೂ ಹೆಚ್ಚು ಮಂದಿ ಸಿಬ್ಬಂದಿಯಲ್ಲಿ ಒಬ್ಬ ವಿಯೆಟ್ನಾಮಿನವನನ್ನು ಬಿಟ್ಟರೆ ಉಳಿದವರು ಭಾರತೀಯರು. ಕರಾವಳಿ ಕಾವಲು ಪಡೆಯ 'ವಿಕ್ರಮ್' ನೌಕೆ ಅದರ ಬೆಂಗಾವಲಿಗೆ ನಿಂತು ಮುಂಬಯಿಗೆ ಕರೆತಂದಿತು. ಎಂಬತ್ತು ವರ್ಷಗಳಲ್ಲಿ ಬಾವುಟ ಬದಲಾಗಿದೆ, ಆಯುಧ ಬದಲಾಗಿದೆ. ತೈಲದ ದಾರಿ ಅದೇ, ಅದನ್ನು ಹೊರುವ ಕೈಗಳೂ ಬಹುಮಟ್ಟಿಗೆ ಅವೇ. ಕನ್ನಡನಾಡಿನಲ್ಲಿ ಬಸ್ಸು ಓಡುವುದಕ್ಕೂ ಗುಜರಾತಿನ ಹೊರಗಡಲಿನಲ್ಲಿ ಒಬ್ಬ ನಾವಿಕ ಎಚ್ಚರವಾಗಿರುವುದಕ್ಕೂ ನೇರವಾದ ಸಂಬಂಧವಿದೆ.

ಆದ್ದರಿಂದ ಈ ಸಭೆಯ ಮುಂದೆ ಎರಡು ಸಣ್ಣ ಸಲಹೆಗಳನ್ನು ಇಡುತ್ತೇನೆ. ಮೊದಲನೆಯದು: ನಮ್ಮ ಕಾರವಾರ, ಹೊನ್ನಾವರ, ಭಟ್ಕಳ, ಕುಂದಾಪುರ, ಮಂಗಳೂರುಗಳ ಕುಟುಂಬಗಳಲ್ಲಿ, ಹಾಗೆಯೇ ಇಲ್ಲಿನ ನೆರೆಹೊರೆಯ ಗುಜರಾತಿ ಕುಟುಂಬಗಳಲ್ಲಿ, ಹಡಗಿನಲ್ಲಿ ದುಡಿದ ಹಿರಿಯರ ಸೇವಾ ಪುಸ್ತಕ, ಪತ್ರ, ಭಾವಚಿತ್ರ ಏನಿದ್ದರೂ ಅದರ ಪ್ರತಿಯನ್ನು ಸಂಘ ಸಂಗ್ರಹಿಸಬೇಕು. ಹೆಸರು, ಊರು, ಹಡಗು, ವರ್ಷ ಈ ನಾಲ್ಕು ಸಂಗತಿಗಳು ಸಿಕ್ಕರೂ ಸಾಕು. ಆ ಪೀಳಿಗೆಯನ್ನು ಕಂಡವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ, ಕಾಯುವಷ್ಟು ಸಮಯವಿಲ್ಲ. ಎರಡನೆಯದು: ಇಂದು ಜಗತ್ತಿನ ನಾವಿಕರಲ್ಲಿ ಸುಮಾರು ಹತ್ತನೆಯ ಒಂದು ಪಾಲು ಭಾರತೀಯರು. ಅಪಾಯದ ನೀರಿನಲ್ಲಿ ಕೆಲಸ ಮಾಡುವ ಅವರ ಭದ್ರತೆ, ಅವರ ಮನೆಯವರಿಗೆ ಸಕಾಲಕ್ಕೆ ಸುದ್ದಿ, ಪರಿಹಾರ, ಇವು ಸಾರ್ವಜನಿಕ ಪ್ರಶ್ನೆಗಳೆಂದು ನಮ್ಮ ಪತ್ರಿಕೆಗಳು ಬರೆಯಬೇಕು. ನಾರ್ವೆಗೆ ತಿಳಿಯಲು ಎಪ್ಪತ್ತು ವರ್ಷ ಹಿಡಿದ ಪಾಠವನ್ನು ನಾವು ಅಷ್ಟು ಕಾಲ ಕಲಿಯುತ್ತ ಕೂರಬೇಕಾಗಿಲ್ಲ.

ಬೆಂಗಾವಲಿನ ಗುಂಪು ನಡೆಯುತ್ತಿದ್ದುದು ಅತ್ಯಂತ ನಿಧಾನದ ಹಡಗಿನ ವೇಗದಲ್ಲಿ ಎಂದು ಆಗಲೇ ಹೇಳಿದೆ. ಹೊರನಾಡಿನ ಸಂಘವೊಂದಕ್ಕೂ ಇದಕ್ಕಿಂತ ಒಳ್ಳೆಯ ನಿಯಮ ನನಗೆ ತೋರುವುದಿಲ್ಲ. ಗಿರಣಿಯಲ್ಲಿ ರಾತ್ರಿಪಾಳಿ ಮಾಡುವವನೂ, ಮಗುವಿಗೆ ಕನ್ನಡ ಕಲಿಸಲು ಪುರುಸೊತ್ತಿಲ್ಲದ ತಾಯಿಯೂ ನಮ್ಮ ಸಾಲಿನಲ್ಲಿ ತಮ್ಮ ಸಂಖ್ಯೆಯನ್ನು ಹೊಂದಿರಲಿ. ಅವರು ಹಿಂದೆ ಬಿದ್ದಾರೆಯೇ ಎಂದು ತಿರುಗಿ ನೋಡುವವರು ನಮ್ಮಲ್ಲಿರಲಿ.